ಅಲ್ಯೂಮಿನಿಯಂಗೆ ಸ್ಟೀಲ್ ಬೋಲ್ಟ್: ಕಡಲ ಬದಿಯ ನನ್ನ ಅನುಭವ

ಕುಂಬಳೆಯಲ್ಲಿ ಅಲ್ಯೂಮಿನಿಯಂ ಕೆಲಸ ಮಾಡುವ ನನ್ನ ಬಳಿ ಬರುವ ದೂರು ಹೆಚ್ಚಾಗಿ ಒಂದೇ: "ಒಳ್ಳೆಯ ಸ್ಟೈನ್‌ಲೆಸ್ ಬೋಲ್ಟ್ ಹಾಕಿಸಿದ್ದೆವು, ಆದರೂ ಕಿಟಕಿ ತಿಂದುಹೋಗಿದೆ." ಹೋಗಿ ನೋಡಿದರೆ ಬೋಲ್ಟ್ ಫಳಫಳ ಹೊಳೆಯುತ್ತಿರುತ್ತದೆ. ಅದರ ಸುತ್ತ ಬಿಳಿ ಪುಡಿ, ಕೆರೆದರೆ ಅಡಿಯಲ್ಲಿ ಗುಳಿ. ಎರಡು ಲೋಹ ತಾಗಿಕೊಂಡು ನಡುವೆ ಉಪ್ಪುನೀರಿನ ಪಸೆ ನಿಂತರೆ ಅಲ್ಲೊಂದು ಬ್ಯಾಟರಿ ತಯಾರಾಗುತ್ತದೆ, ಸವೆಯುವುದು ಅಲ್ಯೂಮಿನಿಯಂ. ನಮ್ಮೂರಿನಲ್ಲಿ ಪಸೆಗೇನು ಬರವೇ?

ಕಡಲ ಬದಿಗೆ ನಾನು ಉಪ್ಪು ತಡೆಯುವ 316 ದರ್ಜೆಯ ಸ್ಟೈನ್‌ಲೆಸ್ ಬೋಲ್ಟನ್ನೇ ಹಾಕುತ್ತೇನೆ. ಆದರೆ ಅದರಿಂದ ಉಳಿಯುವುದು ಬೋಲ್ಟ್, ಚೌಕಟ್ಟಲ್ಲ. ಚೌಕಟ್ಟು ಉಳಿಯಬೇಕಾದರೆ ಎರಡನ್ನೂ ಬೇರ್ಪಡಿಸಬೇಕು. ಬೋಲ್ಟಿಗಿಂತ ತುಸು ದೊಡ್ಡ ತೂತು ಕೊರೆದು, ಅಂಚಿನ ಚೂಪು ತೆಗೆದು, ಒಳಗೆ ಪ್ರೈಮರ್ ಬಳಿಯುತ್ತೇನೆ. ಅದು ಒಣಗಿದ ಮೇಲೆ ನೈಲಾನ್ ಬುಷ್ (ಬೋಲ್ಟಿನ ಮೈಯನ್ನು ಸುತ್ತುವ ಕೊಳವೆ) ತೂರಿಸಿ, ಎರಡೂ ಬದಿಗೆ ನೈಲಾನ್ ವಾಷರ್, ಅದರ ಮೇಲೆ ಸ್ಟೀಲ್ ವಾಷರ್ ಇಡುತ್ತೇನೆ. ಸ್ಟೀಲ್ ವಾಷರ್ ಇಲ್ಲದೆ ಬಿಗಿದರೆ ನೈಲಾನ್ ಜಜ್ಜಿಹೋಗುತ್ತದೆ. ಬರೀ ವಾಷರ್ ಹಾಕಿ ಬುಷ್ ಬಿಡುವವರಿದ್ದಾರೆ. ತೂತಿನೊಳಗೆ ಬೋಲ್ಟಿನ ಮೈ ತಾಗುತ್ತಲೇ ಇರುತ್ತದೆ, ದುಡ್ಡು ದಂಡ. ಕೊನೆಗೆ ಮಲ್ಟಿಮೀಟರಿನ ಒಂದು ಮೊನೆ ಬೋಲ್ಟಿಗೆ, ಇನ್ನೊಂದು ಅಲ್ಯೂಮಿನಿಯಂಗೆ. ಬಣ್ಣವಿದ್ದರೆ ಮೊನೆಯಿಂದ ಒತ್ತಿ ಲೋಹ ಮುಟ್ಟಿಸಬೇಕು. ಬೀಪ್ ಎಂದರೆ ಎರಡೂ ಎಲ್ಲೋ ತಾಗಿವೆ ಎಂದರ್ಥ, ಬಿಚ್ಚುತ್ತೇನೆ.

ಗಾತ್ರವನ್ನೂ ನೋಡಬೇಕು. ಅಗಲವಾದ ಅಲ್ಯೂಮಿನಿಯಂ ತಗಡಿನಲ್ಲಿ ಸಣ್ಣ ಸ್ಟೀಲ್ ಬೋಲ್ಟ್ ಇದ್ದರೆ ಸವೆತ ಹಂಚಿಹೋಗಿ ನಿಧಾನವಾಗುತ್ತದೆ. ಸ್ಟೀಲ್ ಹಲಗೆಗೆ ಅಲ್ಯೂಮಿನಿಯಂ ರಿವೆಟ್ ಹೊಡೆದರೆ ಮಾತ್ರ ರಿವೆಟ್ಟಿನ ಆಯಸ್ಸು ಮುಗಿದಂತೆಯೇ. ಬಣ್ಣದ ಲೆಕ್ಕವೂ ಹೀಗೆಯೇ. ಅಲ್ಯೂಮಿನಿಯಂಗೆ ಮಾತ್ರ ಬಣ್ಣ ಬಳಿದರೆ ಗೀರು ಬಿದ್ದ ಒಂದೇ ಜಾಗದಲ್ಲಿ ಸವೆತ ಒಟ್ಟಾಗಿ ಆಳಕ್ಕಿಳಿಯುತ್ತದೆ. ಆದ್ದರಿಂದ ಮೊದಲು ಸ್ಟೀಲಿಗೆ ಬಳಿಯಿರಿ, ಆಮೇಲೆ ಎರಡಕ್ಕೂ.

ಅಡಿಕೆ ತೋಟದ ಮನೆಗಳಲ್ಲಿ ಇನ್ನೊಂದು ಕಾಟವಿದೆ. ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ತಯಾರಿಸುವಾಗ ಮೈಲುತುತ್ತಿನ ನೀರು ತಗಡಿಗೆ ಸಿಡಿದರೆ ಅದರಲ್ಲಿರುವ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತು ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ. ಅದಕ್ಕೆ ಬೋಲ್ಟೂ ಬೇಡ. ಸುಣ್ಣದ ನೀರೂ ಅಲ್ಯೂಮಿನಿಯಂಗೆ ಆಗಿಬರುವುದಿಲ್ಲ. ಮದ್ದು ಬಿಟ್ಟ ದಿನವೇ ತಗಡನ್ನು ನೀರು ಹೊಡೆದು ತೊಳೆಯಿರಿ, ತುತ್ತು ಕದಡುವ ಡ್ರಮ್ಮನ್ನು ಕಿಟಕಿಯ ಪಕ್ಕ ಇಡಬೇಡಿ ಎಂದು ನಾನೀಗ ಬಿಲ್ಲಿನ ಹಿಂಬದಿಯಲ್ಲೇ ಬರೆದುಕೊಡುತ್ತೇನೆ.