ಗಡ್ಡೆಯ ಲೆಕ್ಕ: ಕಾಲವನ್ನು ಹಿಂದಕ್ಕೆ ಓಡಿಸಿ ಗೆರೆ ಹಿಡಿದದ್ದು

ಗಡ್ಡೆಯ ಗಣಿತದ ಮಾಡೆಲ್ ಒಂದರಲ್ಲಿ ಆರಂಭಕ್ಕೆ ನಿರೋಧಕ ಕೋಶ (ಕ್ಯಾನ್ಸರನ್ನು ಕೊಲ್ಲುವ ದೇಹದ ಕೋಶ) 7.6 ಲಕ್ಷ, ಕ್ಯಾನ್ಸರ್ ಕೋಶ 26 ಕೋಟಿ ಇಟ್ಟು ಕಂಪ್ಯೂಟರಿನಲ್ಲಿ ಓಡಿಸಿದರೆ ಗಡ್ಡೆ ಕುಗ್ಗುತ್ತದೆ. 28 ಕೋಟಿ ಇಟ್ಟರೆ ಕೈಮೀರುತ್ತದೆ. ಈ ಎರಡು ಬಗೆಯ ಆರಂಭಗಳನ್ನು ಬೇರೆ ಮಾಡುವ ಒಂದು ಗೆರೆ ಇದೆ ಅಂತ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಆ ಇಡೀ ಗೆರೆಯನ್ನು ಸರಿಯಾಗಿ ಎಳೆಯೋದಕ್ಕೆ ನನಗೆ ಒಂದೂವರೆ ವರ್ಷ ಹಿಡಿಯಿತು. ಈಗ ಎರಡು ಸೆಕೆಂಡಿನಲ್ಲಿ ಬರುತ್ತದೆ.

ನಾನು ದಾವಣಗೆರೆಯಲ್ಲಿ ಗಣಿತದ ಅತಿಥಿ ಉಪನ್ಯಾಸಕ. ರಜೆಯಲ್ಲಿ ಸಂಬಳ ಇಲ್ಲ, ಅದಕ್ಕೇ ಈ ಕೆಲಸಕ್ಕೆ ಸಮಯ ಸಿಕ್ಕಿದ್ದು ಅಂತಲೂ ಹೇಳಬಹುದು. ಹಿಡಿದದ್ದು ಕುಜ್ನೆತ್ಸೊವ್ ಮತ್ತು ಜೊತೆಯವರ 1994ರ ಮಾಡೆಲ್. ಎರಡು ಸಮೀಕರಣ, ಎಂಟು ಪ್ಯಾರಾಮೀಟರ್ (ಬೆಳವಣಿಗೆ, ಸಾವಿನ ದರದಂಥ ಸ್ಥಿರ ಸಂಖ್ಯೆಗಳು), ಇಲಿಗಳ ಲಿಂಫೋಮಾ (ಒಂದು ಬಗೆಯ ರಕ್ತದ ಕ್ಯಾನ್ಸರ್) ಡೇಟಾ. ಒಂದು ಸಮೀಕರಣ ನಿರೋಧಕ ಕೋಶ, ಇನ್ನೊಂದು ಕ್ಯಾನ್ಸರ್ ಕೋಶ ಕಾಲ ಕಳೆದಂತೆ ಹೇಗೆ ಏರಿಳಿಯುತ್ತದೆ ಅಂತ ಹೇಳುತ್ತದೆ. ಎರಡೂ ಕೋಶಗಳ ಎಣಿಕೆಯನ್ನು ಹತ್ತು ಲಕ್ಷದ ಅಳತೆಗೆ ತಂದುಕೊಂಡೆ. ಕಾಲದ ಒಂದು ಯೂನಿಟ್ ಅಂದರೆ ಸುಮಾರು 9 ದಿನ.

ಮೊದಲ ಎಡವಟ್ಟು ಹೇಳೋಕೆ ನಾಚಿಕೆ. ಕಾಲವನ್ನು ಸಣ್ಣ ಸಣ್ಣ ಹೆಜ್ಜೆಯಾಗಿ ದಾಟುವ ಆಯ್ಲರ್ ವಿಧಾನದಲ್ಲಿ ಹೆಜ್ಜೆ, ಅಂದರೆ ಸ್ಟೆಪ್, 0.5 ಯೂನಿಟ್ ಹಾಕಿ ಓಡಿಸಿದ್ದೆ. ಕುಗ್ಗಿದ ಗಡ್ಡೆ 82 ಲಕ್ಷ ಕೋಶದ ಹತ್ತಿರ ಸುಮ್ಮನೆ ಮಲಗಬೇಕಿತ್ತು. ಬದಲಿಗೆ ಸುಮಾರು ನೂರು ದಿನಕ್ಕೊಮ್ಮೆ ಏರಿಳಿತ, ಪ್ರತಿ ಸಲ ಹಿಂದಿನದಕ್ಕಿಂತ ಜಾಸ್ತಿ. ಏನೋ ಹೊಸದು ಕಂಡುಹಿಡಿದೆ ಅಂತ ರಾತ್ರಿ ನಿದ್ದೆ ಬರಲಿಲ್ಲ. ಪೇಪರಿನ ತಲೆಬರಹ ಕೂಡ ಬರೆದಿಟ್ಟೆ! ಎರಡು ವಾರ ಬಿಟ್ಟು ಸ್ಟೆಪ್ಪನ್ನು 0.1 ಮಾಡಿದೆ. ಏರಿಳಿತ ತಣ್ಣಗೆ ಸತ್ತುಹೋಯಿತು. ಆಮೇಲೆ ಕೂತು ಲೆಕ್ಕ ಹಾಕಿದರೆ, ಆ ಬಿಂದುವಿನಲ್ಲಿ ಆಯ್ಲರ್‌ಗೆ ತಡೆಯುವ ಸ್ಟೆಪ್ 0.3ರ ಆಸುಪಾಸು ಮಾತ್ರ. ಅದನ್ನು ದಾಟಿದರೆ ಒಳಕ್ಕೆ ಸುತ್ತಬೇಕಾದ ಸುರುಳಿ ಹೊರಕ್ಕೆ ಸುತ್ತುತ್ತದೆ. ನಾನು ಕಂಡುಹಿಡಿದದ್ದು ನನ್ನ ತಪ್ಪನ್ನೇ.

ಆಮೇಲೆ ಗೆರೆಯ ಕೆಲಸ. ಎಲ್ಲರೂ ಮಾಡುವ ಹಾಗೆ ಗ್ರಿಡ್ ಹಾಕಿದೆ. 200 ಸಾಲು, 200 ಕಂಬ, ಒಟ್ಟು 40 ಸಾವಿರ ಆರಂಭದ ಬಿಂದು. ಪ್ರತಿಯೊಂದೂ ಕೊನೆಗೆ 82 ಲಕ್ಷಕ್ಕೆ ಹೋಗುತ್ತಾ, ಕೈಮೀರಿ 45 ಕೋಟಿಗೆ ಹೋಗುತ್ತಾ ಅಂತ ನೋಡಿ ಬಣ್ಣ ಹಚ್ಚಬೇಕು. ನನ್ನದು 19 ಸಾವಿರಕ್ಕೆ ತಗೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಕೋಡ್ ಬರೆದದ್ದೂ ನಾನೇ, ಅಂದರೆ ನಿಧಾನ. ಏಪ್ರಿಲ್ ತಿಂಗಳು. ಬೆಳಗಿನ ಜಾವ ಮೂರೂವರೆಗೆ ಕರೆಂಟ್ ಹೋಯಿತು. ಫ್ಯಾನ್ ನಿಂತ ಸದ್ದಿಗೆ ಎಚ್ಚರ ಆಯಿತು. ಸ್ಕ್ರೀನ್ ಮೇಲೆ 31 ಸಾವಿರ ಚಿಲ್ಲರೆ. ಬ್ಯಾಟರಿ ಹನ್ನೆರಡು ನಿಮಿಷವೂ ಬರಲ್ಲ. ನಡುವೆ ಸೇವ್ ಮಾಡುವ ಸಾಲು ಬರೆದಿರಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಎಣಿಕೆ ಏರೋದನ್ನು ನೋಡ್ತಾ ಕೂತೆ. 33 ಸಾವಿರ ದಾಟಿದ ಮೇಲೆ ಸ್ಕ್ರೀನ್ ಕಪ್ಪಾಯಿತು.

ಕ್ಲೌಡ್ ಬಾಡಿಗೆಗೆ ತಗೊಂಡೆ. ಕೆಲಸ ಮುಗೀತು, ಆಫ್ ಮಾಡೋದು ಮರೆತೆ. 4,300 ರೂಪಾಯಿ ಚಿಲ್ಲರೆ ಬಿಲ್. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಲೆಕ್ಕದಲ್ಲಿ ಎಷ್ಟಾಯ್ತು ಅಂತ ಹೆಂಡತಿ ಹೇಳಿದ ಮೇಲೆ ಆ ದಾರಿ ಬಿಟ್ಟೆ. ಇಷ್ಟಾದರೂ ಬಂದ ಗೆರೆ ಮೆಟ್ಟಿಲು ಮೆಟ್ಟಿಲಾಗಿತ್ತು.

ಆಗ ಹೊಳೆದದ್ದು ಹಿಂದಕ್ಕೆ ಓಡಿಸೋದು. ಗೆರೆ ಹಾದುಹೋಗೋದು ಸ್ಯಾಡಲ್ ಬಿಂದುವಿನ ಮೇಲೆ, ಅಂದರೆ ಗಡ್ಡೆ ಏರದೆ ಇಳಿಯದೆ ನಿಲ್ಲುವ, ಆದರೆ ಚೂರು ಅಲುಗಿದರೆ ಒಂದು ಕಡೆಗೆ ಜಾರುವ ಬಿಂದು. ಅದು 26.8 ಕೋಟಿಯ ಹತ್ತಿರ ಇದೆ. ಅಲ್ಲಿಂದ ಸ್ವಲ್ಪ ಸರಿಸಿ, ಕಾಲವನ್ನು ಮೈನಸ್ ಮಾಡಿ ಬಿಟ್ಟರೆ, ಅದೇ ಗೆರೆಯ ಮೇಲೆ ನಡೆದುಕೊಂಡು ಹೋಗಬೇಕು. ವಿಭಾಗದ ಹಿರಿಯರೊಬ್ಬರಿಗೆ ಹೇಳಿದೆ. "ಹಿಂದಕ್ಕೆ ಓಡಿಸಿದರೆ ಸ್ಫೋಟ ಆಗುತ್ತಪ್ಪಾ, ಲಾಜಿಸ್ಟಿಕ್ ಇದೆ ಅದರಲ್ಲಿ" ಅಂದರು. (ಒಂದು ಮಿತಿಯ ಹತ್ತಿರ ಬಂದಂತೆ ನಿಧಾನವಾಗುವ ಬೆಳವಣಿಗೆಗೆ ಲಾಜಿಸ್ಟಿಕ್ ಅನ್ನುತ್ತಾರೆ.) "ನೋಡೋಣ ಸರ್" ಅಂದೆ. ಪಕ್ಕದಲ್ಲಿದ್ದ ಇನ್ನೊಬ್ಬರು ನಕ್ಕರು.

ಹಿರಿಯರು ಹೇಳಿದ್ದು ಅರ್ಧ ನಿಜ. ಸ್ಯಾಡಲ್ ಬಿಂದುವಿನಿಂದ ಮೇಲಕ್ಕೆ ಹೋಗುವ ಗೆರೆಯ ಕೊಂಬೆ 50 ಕೋಟಿ ದಾಟಿದ ಮೇಲೆ ಹುಚ್ಚು ಹಿಡಿದಂತೆ ಓಡಿತು. ಪ್ರೋಗ್ರಾಂ ನಿಂತೇ ಹೋಯಿತು. ಆದರೆ ನನಗೆ 50 ಕೋಟಿ ಆಚೆ ಏನು ಕೆಲಸ? ಅಲ್ಲಿಗೆ ನಿಲ್ಲಿಸು ಅಂತ ಒಂದು ಷರತ್ತು ಹಾಕಿದೆ, ಮುಗೀತು. ನಿಜವಾದ ತೊಂದರೆ ಬೇರೆ ಇತ್ತು. ಸ್ಯಾಡಲ್ ಹತ್ತಿರ ಗೆರೆ ಹೋಗುವ ದಿಕ್ಕಿನಲ್ಲಿ ನಿರೋಧಕ ಕೋಶ ಒಂದು ಹೆಚ್ಚಾದರೆ ಕ್ಯಾನ್ಸರ್ ಕೋಶ ಐನೂರೈವತ್ತು ಚಿಲ್ಲರೆ ಹೆಚ್ಚಾಗಬೇಕು. ನಾನು ಎರಡನ್ನೂ ಸಮಸಮ ಸರಿಸುತ್ತಿದ್ದೆ. ಅದಕ್ಕೇ ಶುರುವಿನಲ್ಲೇ ಗೆರೆ ಬಿಟ್ಟು ಪಕ್ಕಕ್ಕೆ ಹೋಗುತ್ತಿತ್ತು. ದಿಕ್ಕು ಸರಿಮಾಡಿದ ದಿನ ಗೆರೆ ನೂಲು ಎಳೆದ ಹಾಗೆ ಬಂತು. ಎಷ್ಟು ದೂರ ಸರಿಸಬೇಕು, ಟಾಲರೆನ್ಸ್ (ಲೆಕ್ಕದಲ್ಲಿ ಒಪ್ಪುವ ತಪ್ಪಿನ ಮಿತಿ) ಎಷ್ಟು ಅನ್ನೋದು ನನ್ನ ಹತ್ರಾನೇ ಇರಲಿ. ನಾಲ್ಕು ದಿನ ಒದ್ದಾಡಿ, ನಿಮಗೂ ಸಿಗುತ್ತದೆ.

ಪರೀಕ್ಷೆಗೆ ಗೆರೆಯ ಎರಡೂ ಪಕ್ಕ ಇಪ್ಪತ್ತಿಪ್ಪತ್ತು ಬಿಂದು ತಗೊಂಡು ಮುಂದಕ್ಕೆ ಓಡಿಸಿದೆ. ಒಂದೂ ತಪ್ಪಲಿಲ್ಲ. 26 ಕೋಟಿಯದು ಕೂಡಲೇ ಶಾಂತ ಆಗಲ್ಲ, ಅದು ಚಂದ. ಮೊದಲು ಹತ್ತು ಲಕ್ಷಕ್ಕಿಂತ ಕೆಳಗೆ ಕುಸಿಯುತ್ತದೆ, ಗೆದ್ದೆವು ಅನ್ನುವಷ್ಟರಲ್ಲಿ ಮತ್ತೆ ಕೆಲವು ಕೋಟಿಗೆ ಏಳುತ್ತದೆ, ಹೀಗೆ ಎದ್ದು ಬಿದ್ದು 82 ಲಕ್ಷಕ್ಕೆ ಬರುತ್ತದೆ. ಹಿರಿಯರಿಗೆ ಚಿತ್ರ ತೋರಿಸಿದೆ. ಏನೂ ಹೇಳಲಿಲ್ಲ, ಬೆಣ್ಣೆ ದೋಸೆ ಕೊಡಿಸಿದರು. ನಕ್ಕವರೂ ಬಂದು ತಿಂದರು.

ನಡುವೆ ಒಂದು ತಲೆಹರಟೆ ಮಾಡಿದೆ. ಇದೇ ಸಮೀಕರಣವನ್ನು ಮೆಕ್ಕೆಜೋಳದ ಸೈನಿಕ ಹುಳುವಿಗೆ ಹಾಕಿದರೆ ಹೇಗೆ ಅಂತ. 2018ರಿಂದ ನಮ್ಮ ಕಡೆ ಅದರ ಕಾಟ ಗೊತ್ತಲ್ಲ. ಹುಳು ಅಂದರೆ ಗಡ್ಡೆ, ಅದನ್ನು ತಿನ್ನುವ ಕೀಟ ಅಂದರೆ ನಿರೋಧಕ ಕೋಶ. ಜಗಳೂರು ಹತ್ತಿರ ಸೋದರಮಾವನ ಹೊಲದಲ್ಲಿ ನೂರು ಗಿಡ ಗುರುತು ಮಾಡಿ, ಮೂರು ಭಾನುವಾರ ಸುಳಿ ಬಿಡಿಸಿ ಎಣಿಸಿದೆ. ನಾಲ್ಕನೇ ಭಾನುವಾರ ಹೋದರೆ ಒಂದೂ ಹುಳು ಇಲ್ಲ. ಮಾವ ಗುರುವಾರ ಔಷಧಿ ಹೊಡೆದಿದ್ದ. "ನಿನ್ನ ಲೆಕ್ಕ ಮುಗಿಯೋ ತನಕ ಹುಳ ಕಾಯುತ್ತೇನೋ?" ಅಂದ. ಬಸ್ ಖರ್ಚು ಹೋಯಿತು.

ಡಾಕ್ಟರ್ ಗೆಳೆಯನೊಬ್ಬ ಇದರಿಂದ ಒಬ್ಬ ಪೇಷೆಂಟಾದರೂ ಉಳೀತಾನಾ ಅಂತ ಕೇಳಿದ. ಇಲ್ಲ ಅಂದೆ. ಇದು ಇಲಿಯ ಲೆಕ್ಕ. ಆದರೆ ನಿರೋಧಕ ಕೋಶ ಹೊರಗಿನಿಂದ ಕೊಟ್ಟರೆ ಗೆರೆ ದಾಟಿಸಲು ಎಷ್ಟು ಬೇಕು ಅನ್ನೋದನ್ನು ಈ ಚಿತ್ರದಲ್ಲಿ ಬೆರಳಿಟ್ಟು ತೋರಿಸಬಹುದು. ತೋರಿಸಿದೆ ಕೂಡ.

ಈಗ ಕಿರ್ಶ್ನರ್ ಮತ್ತು ಪನೆಟ್ಟಾ ಅವರ 1998ರ ಮಾಡೆಲ್‌ಗೆ ಕೈ ಹಾಕಿದ್ದೇನೆ. ಇಂಟರ್‌ಲ್ಯೂಕಿನ್-2 (ನಿರೋಧಕ ಕೋಶಗಳನ್ನು ಬೆಳೆಸುವ ಪ್ರೋಟೀನ್) ಸೇರಿ ಮೂರು ಸಮೀಕರಣ. ಇಲ್ಲಿ ಸ್ಯಾಡಲ್ ಬಿಂದುವಿನಿಂದ ಎರಡು ಕಡೆಗೆ ಹಿಂದಕ್ಕೆ ಓಡಿಸಿದರೆ ಸಾಲದು, ಗೆರೆ ಇದ್ದ ಕಡೆ ಹಾಳೆ ಬರುತ್ತದೆ. ಸ್ಯಾಡಲ್ ಸುತ್ತ ಒಂದು ಸಣ್ಣ ಉಂಗುರ ಹಾಕಿ, ಅದರ ಪ್ರತಿ ಬಿಂದುವಿನಿಂದ ಹಿಂದಕ್ಕೆ ಓಡಿಸುತ್ತಿದ್ದೇನೆ. ಹೋದ ವಾರದ ತನಕ ನಲವತ್ತರ ಹತ್ತಿರ ದಾರ ಬಂದಿವೆ, ಒಂದು ಕಡೆ ಎಲ್ಲ ಗಂಟಾಗಿವೆ. ಈ ಸಲ ಹತ್ತು ಬಿಂದುವಿಗೊಮ್ಮೆ ಸೇವ್ ಆಗುತ್ತದೆ.