ಡಿಕ್ಕಿ ಜಾಸ್ತಿ ಆದ್ರೆ ಡಿಟೆಕ್ಟರ್ ಅಪ್‌ಗ್ರೇಡ್ ಮಾಡೋದು ಹೇಗೆ? ಹಾಸನದ ಬಿಎಸ್ಸಿ ಮಕ್ಕಳಿಗೆ

ನಮ್ ಹಾಸನದಲ್ಲಿ ಫಿಸಿಕ್ಸ್ ಓದೋ ಮಕ್ಳು ಆಗಾಗ ಕೇಳ್ತಾರೆ, ಸರ್ ಅಷ್ಟ್ ದೊಡ್ಡ ಡಿಟೆಕ್ಟರ್ ಅಪ್‌ಗ್ರೇಡ್ ಮಾಡೋದು ಅಂದ್ರೆ ಎಲ್ಲಿಂದ ಕೈ ಹಾಕ್ತಾರೆ ಅಂತ. ಸರ್ನ್ ಅನ್ನೋ ಕಣ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಪ್ರೋಟಾನ್‌ಗಳನ್ನ ಡಿಕ್ಕಿ ಹೊಡೆಸಿ, ಹೊರಬರೋ ಕಣಗಳನ್ನ ಅಳೆಯೋ ಸಿಎಂಎಸ್ ಡಿಟೆಕ್ಟರ್‌ನೇ ಇಟ್ಕೊಂಡು ಹೇಳ್ತೀನಿ. ಜಿನೀವಾ ಪಕ್ಕ ಫ್ರಾನ್ಸ್ ನೆಲದಲ್ಲಿ, ಸುಮಾರು 100 ಮೀಟರ್ ಆಳದಲ್ಲಿರೋ 14,000 ಟನ್ ಯಂತ್ರ ಅದು.

ಮೊದ್ಲು ಎಷ್ಟು ಹೊರೆ ಬೀಳುತ್ತೆ ಅಂತ ಲೆಕ್ಕ ಹಾಕಿ. ಪ್ರೋಟಾನ್ ಗುಂಪುಗಳು 25 ನ್ಯಾನೋಸೆಕೆಂಡಿಗೊಂದ್ಸಲ ಎದುರಾಗ್ತವೆ, ಅದು ಬದಲಾಗಲ್ಲ. ಆದ್ರೆ ಒಂದೊಂದ್ ಸಲಕ್ಕೆ ಈಗ ಸುಮಾರು 60 ಡಿಕ್ಕಿ ಆಗೋ ಕಡೆ, 2030ರಲ್ಲಿ ಶುರುವಾಗ್ಬೇಕಿರೋ ಹೊಸ ಹಂತದಲ್ಲಿ 140ರಿಂದ 200 ಆಗುತ್ತೆ. ಎಲ್ಲಾ ಒಂದರ ಮೇಲೊಂದು ಬೀಳೋ ಇದಕ್ಕೆ ಪೈಲ್‌ಅಪ್ ಅಂತಾರೆ. ನಮಗೆ ಬೇಕಾಗಿರೋ ಡಿಕ್ಕಿ ಒಂದು, ಮಿಕ್ಕಿದ್ದೆಲ್ಲ ಗಲಾಟೆ.

ಎಲ್ರೂ ಸೆನ್ಸರ್‌ನಿಂದ ಶುರು ಮಾಡ್ಬೇಕು ಅಂದ್ಕೋತಾರೆ. ನಾನ್ ಹೇಳೋದು ಟ್ರಿಗರ್‌ನಿಂದ ಶುರು ಮಾಡಿ, ಅಂದ್ರೆ ಯಾವ್ದನ್ನ ಇಟ್ಕೋಬೇಕು ಯಾವ್ದನ್ನ ಬಿಸಾಕ್ಬೇಕು ಅನ್ನೋ ತೀರ್ಮಾನದಿಂದ, ಯಾಕಂದ್ರೆ ಮಿಕ್ಕ ಎಲೆಕ್ಟ್ರಾನಿಕ್ಸ್ ಎಲ್ಲಾ ಅದ್ರ ಹಿಂದೆ ಬರುತ್ತೆ. ಸಿಎಂಎಸ್‌ನಲ್ಲಿ ಮೊದಲ ಹಂತದ ಟ್ರಿಗರ್ ಸೆಕೆಂಡಿಗೆ 1 ಲಕ್ಷ ಘಟನೆ ಒಳಗೆ ಬಿಡೋ ಹಾಗೆ ಕಟ್ಟಿದ್ರು, ಅದನ್ನ 7.5 ಲಕ್ಷಕ್ಕೆ ಏರಿಸ್ತಾ ಇದಾರೆ, ಯೋಚನೆ ಮಾಡೋಕೆ ಕೊಡೋ ಟೈಮು ಸುಮಾರು 4 ಮೈಕ್ರೋಸೆಕೆಂಡಿಂದ 12.5ಕ್ಕೆ. ಆ 12.5 ಮೈಕ್ರೋಸೆಕೆಂಡ್ ಅಷ್ಟೂ ಡೇಟಾ ಚಿಪ್‌ನಲ್ಲೇ ಕಾಯ್ತಾ ಇರ್ಬೇಕಲ್ಲ, ಹಾಗಾಗಿ ಹಳೇ ಚಿಪ್ ಸಾಲಲ್ಲ, ಹಳೇ ಟ್ರ್ಯಾಕರ್ (ಕಣ ಹೋದ ದಾರಿ ಗುರುತಿಸೋ ಒಳಗಿನ ಭಾಗ) ಪೂರ್ತಿ ಬಿಚ್ಚಿ ಹೊಸದು ಹಾಕ್ಬೇಕು.

ಈ ಹೊಸ ಟ್ರ್ಯಾಕರ್‌ನ ಒಂದು ಮಾಡ್ಯೂಲ್ ಹತ್ತಿರದಿಂದ ನೋಡಿ, ನನಗಂತೂ ಇಡೀ ಅಪ್‌ಗ್ರೇಡ್‌ನಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಎರಡು ಸಿಲಿಕಾನ್ ಸೆನ್ಸರ್, ಮಧ್ಯೆ ಕೆಲವೇ ಮಿಲಿಮೀಟರ್ ಗ್ಯಾಪ್. 3.8 ಟೆಸ್ಲಾ ಕಾಂತಕ್ಷೇತ್ರದಲ್ಲಿ ಶಕ್ತಿ ಕಮ್ಮಿ ಇರೋ ಕಣ ಜಾಸ್ತಿ ಬಾಗುತ್ತೆ, ಹಾಗಾಗಿ ಕೆಳಗಿನ ಸೆನ್ಸರ್‌ನಲ್ಲಿ ತಾಗಿದ ಜಾಗಕ್ಕೂ ಮೇಲಿನದ್ರಲ್ಲಿ ತಾಗಿದ ಜಾಗಕ್ಕೂ ದೂರ ಬೀಳುತ್ತೆ, ಜೋರಾಗಿ ಹೋಗೋ ಕಣ ಹೆಚ್ಚುಕಮ್ಮಿ ನೇರ ಹೋಗುತ್ತೆ. ಆ ದೂರ ಅಳೆದು, ಸುಮಾರು 2 ಜಿಇವಿಗಿಂತ (ಕಣಗಳ ಶಕ್ತಿ ಅಳೆಯೋ ಯೂನಿಟ್ಟು) ಕಮ್ಮಿ ಇರೋದನ್ನ ಚಿಪ್ ಅಲ್ಲೇ ಬಿಟ್ಟು, ಮಿಕ್ಕ ಜೋಡಿನ ಮಾತ್ರ ಟ್ರಿಗರ್‌ಗೆ ಕಳಿಸುತ್ತೆ. ಬಹುಪಾಲು ಕಣಗಳು ಆ ಮಿತಿಗಿಂತ ಕೆಳಗೇ ಇರೋದ್ರಿಂದ ಕೇಬಲ್ ಮೇಲಿನ ಭಾರ ಅಲ್ಲೇ ಇಳೀತು.

ಆಮೇಲೆ ಟೈಮಿಂಗ್. ಹಾಸನಾಂಬ ದರ್ಶನದ ಕ್ಯೂನಲ್ಲಿ ಯಾರು ಯಾರ ಜೊತೆ ಬಂದ್ರು ಅಂತ ನಿಂತಿರೋ ಜಾಗ ನೋಡಿ ಹೇಳೋಕಾಗಲ್ಲ, ಗೇಟ್ ಒಳಗೆ ಬಂದ ಟೈಮ್ ಬರ್ಕೊಂಡಿದ್ರೆ ಹೇಳ್ಬೋದು. ಇಲ್ಲೂ ಅಷ್ಟೇ, 200 ಡಿಕ್ಕಿ ಕೆಲವೇ ಸೆಂಟಿಮೀಟರ್‌ನಲ್ಲಿ ಒತ್ಕೊಂಡಿದ್ರೂ ಎಲ್ಲಾ ಒಂದೇ ಕ್ಷಣಕ್ಕೆ ಆಗಿರಲ್ಲ, 30ರಿಂದ 40 ಪಿಕೋಸೆಕೆಂಡ್ ನಿಖರತೆಯ ಪದರ ಒಂದು ಸೇರಿಸಿದ್ರೆ ಬೇರೆ ಮಾಡ್ಬೋದು.

ಕೂಲಿಂಗ್ ಕೊನೆಗೆ ನೋಡ್ಕೊಳ್ಳೋಣ ಅನ್ಬೇಡಿ! ವಿಕಿರಣ ತಿಂದ ಸಿಲಿಕಾನ್‌ನಲ್ಲಿ ಲೀಕೇಜ್ ಕರೆಂಟ್ ಏರುತ್ತೆ, ಕರೆಂಟ್ ಏರಿದ್ರೆ ಬಿಸಿ, ಬಿಸಿ ಆದ್ರೆ ಇನ್ನೂ ಕರೆಂಟ್, ಕೈ ಮೀರಿ ಹೋಗುತ್ತೆ. ಅದಕ್ಕೇ ಮೈನಸ್ 35 ಡಿಗ್ರಿ ಹತ್ತಿರದ ಕಾರ್ಬನ್ ಡೈಆಕ್ಸೈಡ್ ಸಣ್ಣ ಪೈಪ್‌ಗಳಲ್ಲಿ ಹರಿಸ್ತಾರೆ, ಒಳಗಿನ ಗಾಳಿ ಪೂರ್ತಿ ಒಣಗಿರ್ಬೇಕು, ಇಲ್ಲಾಂದ್ರೆ ಹಿಮ ಕಟ್ಟುತ್ತೆ.

ಮ್ಯೂವಾನ್, ಅಂದ್ರೆ ಎಲೆಕ್ಟ್ರಾನ್ ಥರದ್ದೇ ಆದ್ರೆ ಅದಕ್ಕಿಂತ ಭಾರದ ಕಣ, ಅದನ್ನ ಹಿಡಿಯೋ ಭಾಗಕ್ಕೆ ಜೆಮ್ ಚೇಂಬರ್ ಅನ್ನೋ ಗ್ಯಾಸ್ ತುಂಬಿದ ಡಿಟೆಕ್ಟರ್. ಅದ್ರೊಳಗೆ 50 ಮೈಕ್ರಾನ್ ದಪ್ಪದ ಹಾಳೆ, ಎರಡೂ ಕಡೆ ತಾಮ್ರ, 70 ಮೈಕ್ರಾನ್ ತೂತುಗಳು. ಗ್ಯಾಸ್ ಲೀಕ್ ಟೆಸ್ಟು, ಹೈವೋಲ್ಟೇಜ್ ಟೆಸ್ಟು, ಎಕ್ಸ್‌ರೇ ಹಾಕಿ ಎಲ್ಲಾ ಕಡೆ ಸಿಗ್ನಲ್ ಒಂದೇ ಥರ ಇದ್ಯಾ ಅಂತ ನೋಡೋದು, ಇದೆಲ್ಲ ಕೆಳಗಿಳಿಸೋ ಮುಂಚೆ ಮುಗೀಬೇಕು. ಮೊದಲ ಕಂತಿನ ಚೇಂಬರ್‌ಗಳಲ್ಲಿ ಕೆಲವನ್ನ ನಮ್ ದೇಶದಲ್ಲೇ ಜೋಡಿಸಿದ್ರು, ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದವ್ರೂ (ಬಿಎಆರ್‌ಸಿ) ಮಾಡಿದಾರೆ.

ಇನ್ನು ನಿಮ್ ಕಾಲೇಜ್ ಲ್ಯಾಬ್‌ನಲ್ಲಿ ಇದನ್ನ ಮುಟ್ಟಿ ನೋಡ್ಬೇಕಾ, ಎರಡು ಸಿಂಟಿಲೇಟರ್ (ಕಣ ಹಾದುಹೋದ್ರೆ ಮಿನುಗೋ ವಸ್ತು) ಒಂದರ ಮೇಲೊಂದು ಇಡಿ, ಎರಡೂ 100 ನ್ಯಾನೋಸೆಕೆಂಡ್ ಒಳಗೆ ಮಿನುಗಿದ್ರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ, ಅದು ಕಾಸ್ಮಿಕ್ ಮ್ಯೂವಾನ್. ಒಂದೊಂದ್ರಲ್ಲೂ ಸೆಕೆಂಡಿಗೆ 1,000 ಸುಳ್ಳು ಸಿಗ್ನಲ್ ಇದ್ರೆ, ಆಕಸ್ಮಿಕವಾಗಿ ಜೊತೆಗೂಡೋ ಜೋಡಿ ಸೆಕೆಂಡಿಗೆ 0.2, ಅಂದ್ರೆ ಐದು ಸೆಕೆಂಡಿಗೊಂದು. ಥ್ರೆಶೋಲ್ಡ್, ಅಂದ್ರೆ ಸಿಗ್ನಲ್ ಎಷ್ಟು ದೊಡ್ಡದಿದ್ರೆ ಎಣಿಸ್ಬೇಕು ಅನ್ನೋ ಮಿತಿ, ಅದನ್ನ ಇಳಿಸಿ ಒಂದೊಂದ್ರಲ್ಲೂ ಸುಳ್ಳು ಸಿಗ್ನಲ್ 10,000 ಆಗೋ ಹಾಗೆ ಮಾಡಿ ನೋಡಿ, ಸುಳ್ಳು ಜೋಡಿ ಹತ್ತು ಪಟ್ಟಲ್ಲ, ನೂರು ಪಟ್ಟು ಆಗುತ್ತೆ, ಸೆಕೆಂಡಿಗೆ 20. ಈಗ ಆ 100 ನ್ಯಾನೋಸೆಕೆಂಡ್ ಕಿಟಕಿನ 10ಕ್ಕೆ ಇಳಿಸಿ, ಮತ್ತೆ ಎಣಿಸಿ.