ಅಡಿಕೆ ತೋಟದ ಕಣಿವೆಯಲ್ಲಿ ಮೆಶ್ ಜಾಲ: ಮೂರು ಮಳೆಗಾಲಗಳ ನನ್ನ ಅನುಭವ

ಶಿರಸಿಯಿಂದ ಕುಮಟಾಕ್ಕೆ ಹೋಗುವಾಗ ದೇವಿಮನೆ ಘಟ್ಟಕ್ಕಿಂತ ಮೊದಲೇ ಸಿಗುವ ನಮ್ಮ ಕಣಿವೆಯಲ್ಲಿ ಈಗ ಮೂವತ್ತೆಂಟು ಮನೆಗಳಿಗೆ ನನ್ನ ಜಾಲದಿಂದ ಇಂಟರ್ನೆಟ್ ಹೋಗುತ್ತಿದೆ. 2022ರ ಮಾರಿಜಾತ್ರೆ ಮುಗಿದ ವಾರ ಮೊದಲ ಕಂಬ ನೆಟ್ಟಾಗ ಮೇಲಿನ ಮನೆಯ ಹಿರಿಯರು ಬಂದು ನೋಡಿ, "ಇದು ಮಳೆಗಾಲಕ್ಕೆ ನಿಲ್ತಿಲ್ಲೆ ತಮಾ" ಎಂದಿದ್ದರು. ಎರಡು ಮಳೆಗಾಲ ಅವರ ಮಾತೇ ನಿಜವಾಯಿತು. ಮೂರನೆಯದರಲ್ಲಿ ಜಾಲ ಮಳೆಯನ್ನು ತಾಳಿಕೊಂಡು ಉಳಿಯಿತು. ಪರವಾನಗಿ ಇರುವ ಸೇವಾದಾರರೊಬ್ಬರ ಕೈಕೆಳಗೆ ಫ್ರಾಂಚೈಸಿ ಪಡೆದೇ ಈ ಕೆಲಸಕ್ಕೆ ಇಳಿದಿದ್ದೇನೆ. ಮನೆಯ ಫೈಬರ್ ಸಂಪರ್ಕವನ್ನು ಊರಿಗೆ ಹಂಚಿ ಹಣ ಪಡೆಯಲು ಹೋದವರಿಗೆ ಮುಂದೆ ತೊಂದರೆ ತಪ್ಪಿದ್ದಲ್ಲ.

ನನ್ನ ಮೊದಲ ತಪ್ಪು ಇಡೀ ಕಣಿವೆಯನ್ನು ಒಂದೇ ಮೆಶ್ (ರೌಟರ್‌ಗಳೇ ಒಂದರಿಂದ ಒಂದಕ್ಕೆ ಸಂಕೇತ ದಾಟಿಸುವ ಬಲೆ) ಎಂದು ಕಲ್ಪಿಸಿಕೊಂಡದ್ದು. ಒಂದೇ ರೇಡಿಯೊ ಇರುವ ಹನ್ನೊಂದು ರೌಟರ್‌ಗಳಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿ, ಮೆಶ್‌ನಲ್ಲಿ ದಾರಿ ಆರಿಸುವ ಬ್ಯಾಟ್‌ಮ್ಯಾನ್ ಓಡಿಸಿ, ಮನೆಯಿಂದ ಮನೆಗೆ ದಾಟಿಸುತ್ತ ಹೋದೆ. ಬಂದ ದತ್ತಾಂಶವನ್ನು ಅದೇ ಚಾನೆಲ್‌ನಲ್ಲಿ ಮುಂದಕ್ಕೆ ಕಳಿಸಬೇಕಾದುದರಿಂದ ಪ್ರತಿ ಹಾಪ್‌ಗೂ (ಒಂದು ರೌಟರ್‌ನಿಂದ ಮುಂದಿನದಕ್ಕೆ ಒಂದು ಜಿಗಿತ) ವೇಗ ಅರ್ಧಕ್ಕಿಳಿಯುತ್ತದೆಂಬುದು ನನಗೂ ಗೊತ್ತಿತ್ತು. ಆದರೆ ಹಳ್ಳಿಯ ಮನೆಗೆ ಅಷ್ಟು ಸಾಕೆಂದು ಭಾವಿಸಿದ್ದೆ. ಮೊದಲ ಮನೆಯಲ್ಲಿ ನಲವತ್ತು ಎಂಬಿಪಿಎಸ್ ಇದ್ದದ್ದು ನಾಲ್ಕನೆಯ ಹಾಪ್ ದಾಟುವಾಗ ಎರಡು ಮೂರಕ್ಕೆ ಬಂದಿತು. ಆ ತುದಿಯ ಮನೆಯ ಹುಡುಗಿ ಆನ್‌ಲೈನ್ ಪರೀಕ್ಷೆಗೆ ಮತ್ತೆ ಬೆಟ್ಟ ಹತ್ತಿದ್ದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ.

ಎರಡನೆಯ ತಪ್ಪು ಇನ್ನೂ ದುಬಾರಿಯಾಯಿತು. ಸರ್ವೆ ಮಾಡಿದ್ದು ಫೆಬ್ರವರಿಯಲ್ಲಿ; ಆಗ ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿದಾಗಿತ್ತು, ಮತ್ತಿ ಮರಗಳೆಲ್ಲ ಬೋಳಾಗಿದ್ದವು, ಎದುರು ದಿಬ್ಬದ ಮನೆಯ ಹಂಚುಗಳನ್ನು ಎಣಿಸಬಹುದಿತ್ತು. ಜೂನ್ ಮೂರನೆಯ ವಾರದಲ್ಲಿ ಅದೇ ಮರಗಳು ಚಿಗುರಿ, ಎಲೆಗಳು ನೀರು ಹೊತ್ತು ನಿಂತಾಗ 5.8 ಗಿಗಾಹರ್ಟ್ಸ್‌ನ ಲಿಂಕ್‌ನ ಸಂಕೇತ ಇಪ್ಪತ್ತು ಡೆಸಿಬೆಲ್‌ಗೂ ಹೆಚ್ಚು, ಅಂದರೆ ನೂರರಲ್ಲಿ ಒಂದು ಪಾಲಿಗಿಂತ ಕೆಳಕ್ಕೆ ಕುಸಿಯಿತು. ಒಂದು ಕಿಲೋಮೀಟರ್ ಲಿಂಕ್‌ನ ನಟ್ಟನಡುವೆ ದೃಷ್ಟಿರೇಖೆಯ ಸುತ್ತ ಮೂರೂವರೆ ಮೀಟರ್ ಬಯಲಿರಬೇಕೆಂಬ ಲೆಕ್ಕವನ್ನು ಎಲೆ ಇಲ್ಲದ ಮರಗಳ ನಡುವೆ ಹಾಕಿದರೆ ಪ್ರಯೋಜನವಿಲ್ಲ. ಎತ್ತರ ಸಿಗಲೆಂದು ಅಡಿಕೆ ಕೊನೆ ಕೊಯ್ಯುವ ಕೊನೆಗೌಡರನ್ನು ಹತ್ತಿಸಿ ಎರಡು ಆಂಟೆನಾಗಳನ್ನು ಅಡಿಕೆ ಮರಕ್ಕೇ ಕಟ್ಟಿಸಿದೆ; ಗಾಳಿ ಬೀಸಿದಾಗಲೆಲ್ಲ ಮರದ ತಲೆ ಒಂದು ಮಾರು ಆಚೀಚೆ ತೂಗಿ ಸಂಪರ್ಕ ಕಡಿಯುತ್ತಿತ್ತು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದ ಔಷಧಿ ಹೊಡೆದ ಮೇಲಂತೂ ಪೆಟ್ಟಿಗೆ ಬಿಚ್ಚಿದರೆ ಕೇಬಲ್ ಒಳಬರುವ ರಂಧ್ರದ ಸುತ್ತ ತಿಳಿನೀಲಿ ಹೊಪ್ಪಳೆ ಕಟ್ಟಿತ್ತು, ಕನೆಕ್ಟರ್‌ನ ಎಂಟು ತಂತಿಗಳಲ್ಲಿ ಮೂರು ಹಸಿರಾಗಿ ಸವೆದುಹೋಗಿದ್ದವು. ಈಗ ಆ ರಂಧ್ರವನ್ನು ಮುಚ್ಚಲು ಬೇರೆಯದೇ ಕೆಲಸಕ್ಕೆಂದು ಶಿರಸಿ ಪೇಟೆಯಲ್ಲಿ ಮಾರುವ ಒಂದು ವಸ್ತುವನ್ನು ಬಳಸುತ್ತಿದ್ದೇನೆ. ಅದು ಯಾವುದೆಂದು ಸದ್ಯಕ್ಕೆ ಹೇಳುವುದಿಲ್ಲ.

2023ರ ಮೇ ತಿಂಗಳಲ್ಲಿ ಒಂದೇ ರಾತ್ರಿಯ ಸಿಡಿಲಿಗೆ ಏಳು ರೌಟರ್‌ಗಳೂ ಒಂದು ಸ್ವಿಚ್ಚೂ ಸುಟ್ಟವು. ಸಿಡಿಲು ಬಡಿದದ್ದು ದೂರದ ತೆಂಗಿನ ಮರಕ್ಕೆ. ಒಂದೊಂದು ಮನೆಯ ಅರ್ಥಿಂಗ್ ಒಂದೊಂದು ಬಗೆಯದಾಗಿದ್ದು, ಅಂಗಳ ದಾಟಿ ಮನೆಯಿಂದ ಮನೆಗೆ ನಾನು ಎಳೆದಿದ್ದ ತಾಮ್ರದ ಲ್ಯಾನ್ ಕೇಬಲ್‌ಗಳೇ ವಿದ್ಯುತ್ತಿಗೆ ದಾರಿಯಾಗಿದ್ದವು. ಸರ್ಜ್ ತಡೆಯುವ ಸಾಧನಗಳಿಗೆ ಐದಾರು ಸಾವಿರ ಸುರಿದ ಮೇಲೆ ಅದನ್ನೆಲ್ಲ ಬಿಟ್ಟು, ಎರಡು ಮನೆಗಳ ನಡುವೆ ತಾಮ್ರವೇ ಇರಕೂಡದೆಂದು ನಿಶ್ಚಯಿಸಿ ಫೈಬರ್ ಡ್ರಾಪ್ ಕೇಬಲ್ ಎಳೆದು ಎರಡೂ ತುದಿಗೆ, ಬೆಳಕಿನ ಸಂಕೇತವನ್ನು ಲ್ಯಾನ್ ಸಂಕೇತವಾಗಿ ಬದಲಿಸುವ ಮೀಡಿಯಾ ಕನ್ವರ್ಟರ್ ಕೂರಿಸಿದೆ. ಅಂದಿನಿಂದ ಸಿಡಿಲಿಗೆ ಹೋದದ್ದು ಒಂದೇ ರೌಟರ್.

ಕೊನೆಗೆ ನಿಂತ ವಿನ್ಯಾಸ ಹೀಗಿದೆ. ಬೆಟ್ಟದ ನೆತ್ತಿಯಿಂದ ಪ್ರತಿ ಕೇರಿಗೂ ಒಂದೊಂದು ನೇರ ಲಿಂಕ್. ಕೇರಿಯ ಒಳಗೆ ಮಾತ್ರ ಮೆಶ್, ಅದೂ ಎರಡು ರೇಡಿಯೊಗಳ ರೌಟರ್‌ಗಳಲ್ಲಿ, ಎರಡು ಹಾಪ್‌ಗಳಿಗೆ ಮೀರದಂತೆ. ಬ್ಯಾಟ್‌ಮ್ಯಾನ್‌ನಲ್ಲಿ ಹಾಪ್ ಪೆನಾಲ್ಟಿಯನ್ನು (ಹೆಚ್ಚು ಹಾಪ್‌ಗಳ ದಾರಿಯನ್ನು ಹಿಂದಕ್ಕೆ ತಳ್ಳುವ ಸಂಖ್ಯೆ) ಮಳೆಗಾಲಕ್ಕೊಂದು, ಬೇಸಿಗೆಗೊಂದು ಇಡುತ್ತೇನೆ. ಆ ಎರಡು ಸಂಖ್ಯೆಗಳಿಗಾಗಿ ಒಂದು ವರ್ಷ ತೆತ್ತಿದ್ದೇನೆ, ಆದ್ದರಿಂದ ಅವು ನನ್ನಲ್ಲೇ ಇರಲಿ.

ನೆತ್ತಿಯ ಮೇಲಿನ ವಿದ್ಯುತ್ತಿನ ವ್ಯವಸ್ಥೆಯೇ ಎಲ್ಲಕ್ಕಿಂತ ಹೆಚ್ಚು ಹಣ ತಿಂದಿತು. ಅಲ್ಲಿನ ಸಾಮಗ್ರಿಗೆ ಎಂಟು ವ್ಯಾಟ್, ಅಂದರೆ ದಿನಕ್ಕೆ ಸುಮಾರು 190 ವ್ಯಾಟ್‌ಅವರ್ ಬೇಕು. ಮೊದಲು ಇಟ್ಟ ನಲವತ್ತು ವ್ಯಾಟ್‌ನ ಫಲಕವೂ ಸಣ್ಣ ಬ್ಯಾಟರಿಯೂ ಆಷಾಢದ ಮೋಡಕ್ಕೆ ಎರಡನೆಯ ದಿನವೇ ಕೈಚೆಲ್ಲಿದವು. ಈಗ 75 ವ್ಯಾಟ್‌ನ ಎರಡು ಫಲಕಗಳು, ನೂರು ಆಂಪಿಯರ್‌ಅವರ್‌ನ ಲಿಥಿಯಂ ಬ್ಯಾಟರಿ ಇವೆ. ಸೂರ್ಯ ಪೂರ್ತಿ ಮುಖ ಮರೆಸಿದರೂ ಐದಾರು ದಿನ ತಾಳುತ್ತದೆ. ಅದೊಂದಕ್ಕೇ ನಲವತ್ತು ಸಾವಿರದ ಹತ್ತಿರ ಹೋಯಿತು. ಒಟ್ಟು ಎರಡು ಲಕ್ಷ ಎಂಬತ್ತು ಸಾವಿರ ಹಾಕಿರಬಹುದು, ಅದರಲ್ಲಿ ತೊಂಬತ್ತು ಸಾವಿರ ಶುದ್ಧ ನಷ್ಟ. ಮನೆಯೊಂದಕ್ಕೆ ತಿಂಗಳಿಗೆ 450 ರೂಪಾಯಿ ಪಡೆಯುತ್ತೇನೆ. ಸೇವಾದಾರರಿಗೆ ಒಂಬತ್ತು ಸಾವಿರ ಕಟ್ಟಿ, ದುರಸ್ತಿಯನ್ನು ಕಳೆದರೆ ನಾಲ್ಕೈದು ಸಾವಿರ ಕೈಗೆ ಉಳಿಯುತ್ತದೆ.

ಇದರ ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ನಮ್ಮ ದೇಶದಲ್ಲಿ ಪರವಾನಗಿ ಬೇಡದ 865 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಲೋರಾ ಎಂಬ, ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಣ್ಣ ಸಂದೇಶ ಕಳಿಸುವ ರೇಡಿಯೊ ಮಾಡ್ಯೂಲ್ ಇಟ್ಟು ನೆತ್ತಿಯ ಬ್ಯಾಟರಿಯ ವೋಲ್ಟೇಜನ್ನು ಮನೆಗೆ ತರಿಸಿಕೊಳ್ಳುತ್ತೇನೆ. ವೈಫೈ ಸೋತ ಅದೇ ಒದ್ದೆ ಮತ್ತಿ ಮರಗಳನ್ನು ಈ ಸಂಕೇತ ಲೀಲಾಜಾಲವಾಗಿ ದಾಟುತ್ತದೆ. ಆದರೆ ಅದರಲ್ಲಿ ಸಾಗುವ ದತ್ತಾಂಶ ತೀರ ಕಡಿಮೆ, ಹಾಗಾಗಿ ಮನೆಬಳಕೆಯ ಇಂಟರ್ನೆಟ್ಟಿಗೆ ಅದರ ಆಸೆ ಇಟ್ಟುಕೊಳ್ಳುವಂತಿಲ್ಲ.

ಹಳ್ಳದಾಚೆಯ ಎರಡು ಮನೆಗಳು ಇನ್ನೂ ಬಾಕಿ ಇವೆ. ನಡುವೆ ಹಳೆಯ ಹಲಸಿನ ಮರವೊಂದಿದ್ದು ಅದನ್ನು ಕಡಿಸುವ ಮಾತನ್ನು ನಾನಂತೂ ಎತ್ತುವುದಿಲ್ಲ. ಹಳ್ಳದ ನೀರು ಇಳಿದ ಮೇಲೆ, ದೀಪಾವಳಿಯ ಹೊತ್ತಿಗೆ, ಕಾಲುಸಂಕದ ಪಕ್ಕದಿಂದ ನೂರನಲವತ್ತು ಮೀಟರ್ ಫೈಬರ್ ಎಳೆಯಬೇಕೆಂದಿದ್ದೇನೆ.